ಕಾಮಗಾರಿ ವಿಳಂಬ: ವೇಳಾಪಟ್ಟಿಯ ಏಳು ದಶಕಗಳ ಕತೆ

ಬೆಂಗಳೂರಿನ 'ನಮ್ಮ ಮೆಟ್ರೊ'ದ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದುಕೊಳ್ಳುವ ಎಷ್ಟೋ ತಿಂಗಳು ಮೊದಲೇ ಅದರ ಕಂಬ, ಹಳಿ, ನಿಲ್ದಾಣಗಳು ಬಹುಮಟ್ಟಿಗೆ ಸಿದ್ಧವಾಗಿದ್ದವು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿಲೋಮೀಟರ್ ಮಾರ್ಗ ಕಾದು ಕುಳಿತದ್ದು ರೈಲುಗಳಿಗಾಗಿ. ಮೊದಲ ಹಂತದ 42.3 ಕಿಲೋಮೀಟರ್ ಮಾರ್ಗದ ಕತೆ ಬೇರೆ: 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿ, 2011ರ ಅಕ್ಟೋಬರ್‌ನಲ್ಲಿ ಮೊದಲ ತುಣುಕಿನಲ್ಲಿ ರೈಲು ಓಡಿ, ಇಡೀ ಹಂತ ಮುಗಿಯುವಾಗ 2017ರ ಜೂನ್ ಬಂದಿತ್ತು. ಕಾರಣ ಕೇಳಿದರೆ ಸಿಗುವ ಪಟ್ಟಿ ನಮಗೆಲ್ಲ ಬಾಯಿಪಾಠ. ಕೇಂದ್ರದ ಸಾಂಖ್ಯಿಕ ಸಚಿವಾಲಯವು 150 ಕೋಟಿ ರೂಪಾಯಿಗಿಂತ ದೊಡ್ಡ ಕೇಂದ್ರ ಯೋಜನೆಗಳ ಬಗ್ಗೆ ಹೊರತರುವ ವರದಿಗಳಲ್ಲೂ ಭೂಸ್ವಾಧೀನ, ಅರಣ್ಯ ಅನುಮತಿ, ಕೊಳವೆ ಮತ್ತು ಕೇಬಲ್‌ಗಳ ಸ್ಥಳಾಂತರ ಎಂಬ ಅದೇ ಕಾರಣಗಳು ಮರುಕಳಿಸುತ್ತವೆ. ಅವು ಸುಳ್ಳಲ್ಲ. ಆದರೆ ಜಾಗ ಕೈಗೆ ಬಂದು, ಹಣ ಮಂಜೂರಾಗಿ, ಕೆಲಸಗಾರರು ನಿವೇಶನದಲ್ಲೇ ಇರುವಾಗಲೂ ಕಟ್ಟಡ ಏಕೆ ಏಳುವುದಿಲ್ಲ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ನಿರ್ಮಾಣ ನಿರ್ವಹಣೆಯ ಸಂಶೋಧನೆ ಬಹುಕಾಲದಿಂದ ಬೆನ್ನುಹತ್ತಿರುವುದು ಈ ಪ್ರಶ್ನೆಯನ್ನೇ.

ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಪಟ್ಟಿ ನಕ್ಷೆಯು (ಬಾರ್ ಚಾರ್ಟ್) ಯಾವ ಕೆಲಸ ಎಂದು ಶುರುವಾಗಿ ಎಂದು ಮುಗಿಯಬೇಕೆಂಬುದನ್ನು ಹೇಳುತ್ತಿತ್ತೇ ಹೊರತು, ಒಂದು ಕೆಲಸ ತಪ್ಪಿದರೆ ಇನ್ನಾವುದಕ್ಕೆ ಪೆಟ್ಟು ಬೀಳುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ. 1957ರ ಸುಮಾರಿಗೆ ಯುನಿವ್ಯಾಕ್ ಕಂಪ್ಯೂಟರಿನ ನೆರವಿನಿಂದ ಇವರು ರೂಪಿಸಿದ 'ಕ್ರಿಟಿಕಲ್ ಪಾತ್' ವಿಧಾನವು ಕೆಲಸಗಳನ್ನು ಒಂದಕ್ಕೊಂದು ಜೋಡಿಸಿ, ಯಾವ ಸರಪಳಿಯಲ್ಲಿ ಒಂದು ದಿನ ತಪ್ಪಿದರೂ ಇಡೀ ಯೋಜನೆ ಒಂದು ದಿನ ತಡವಾಗುತ್ತದೆ ಎಂಬುದನ್ನು ಲೆಕ್ಕಹಾಕಿತು. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 'ಪರ್ಟ್' ಎಂಬ ಹತ್ತಿರದ ವಿಧಾನವನ್ನು ಹೊರತಂದಿತು. ಕಂಪ್ಯೂಟರ್ ಇಲ್ಲದ ಸಣ್ಣ ಗುತ್ತಿಗೆದಾರರಿಗೂ ಕಾಗದ ಪೆನ್ಸಿಲಿನಲ್ಲಿ ಈ ಲೆಕ್ಕ ಮಾಡಲು ಸಾಧ್ಯವಾಗುವಂತೆ ಸ್ಟ್ಯಾನ್‌ಫರ್ಡ್‌ನ ಜಾನ್ ಫೊಂಡಾಲ್ 1961ರಲ್ಲಿ ದಾರಿ ತೋರಿದರು.

ವಿಧಾನ ಗೆದ್ದಿತು, ಬಹುಶಃ ಅಗತ್ಯಕ್ಕಿಂತ ಹೆಚ್ಚಾಗಿಯೇ ಗೆದ್ದಿತು. ಕೆಲವೇ ದಶಕಗಳಲ್ಲಿ ಅದು ದೊಡ್ಡ ಗುತ್ತಿಗೆಗಳ ಷರತ್ತಾಯಿತು, ತಡಕ್ಕೆ ಯಾರು ಹೊಣೆ ಎಂಬ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳ ಮುಂದಿಡುವ ಸಾಕ್ಷ್ಯವೂ ಆಯಿತು. ಕೆಲಸವನ್ನು ಮುನ್ನಡೆಸಲೆಂದು ಹುಟ್ಟಿದ ನಕ್ಷೆ ಕೆಲಸ ನಿಂತ ಮೇಲೆ ವಾದಿಸುವ ಸಾಧನವಾಗಿ ಬದಲಾದದ್ದನ್ನು ಈ ಕ್ಷೇತ್ರದವರೇ ಸಾಕಷ್ಟು ತಡವಾಗಿ ಗಮನಿಸಿದರು. ಇಷ್ಟಕ್ಕೂ ಕ್ರಿಟಿಕಲ್ ಪಾತ್ ಹುಟ್ಟುವ ಕಾಲು ಶತಮಾನ ಮೊದಲೇ, 1930ರ ಮಾರ್ಚ್‌ನಲ್ಲಿ ಆರಂಭಿಸಿ 1931ರ ಮೇ 1ರಂದು ಉದ್ಘಾಟಿಸಿದ ಎಂಪೈರ್ ಸ್ಟೇಟ್ ಕಟ್ಟಡದ 102 ಅಂತಸ್ತುಗಳು ಎದ್ದಿದ್ದವು. ಅಲ್ಲಿ ಪ್ರತಿ ಅಂತಸ್ತಿನಲ್ಲೂ ಪುಟ್ಟ ಹಳಿ ಹಾಸಿ ತಳ್ಳುಗಾಡಿಗಳಲ್ಲಿ ಸಾಮಗ್ರಿ ಸಾಗಿಸುತ್ತಿದ್ದರು. ಒಂದು ಕಸುಬಿನವರ ಹಿಂದೆ ಇನ್ನೊಂದು ಕಸುಬಿನವರು ಒಂದೇ ಲಯದಲ್ಲಿ ಮೇಲೇರುತ್ತಿದ್ದರು.

ಆ ಲಯಕ್ಕೆ ಸಿದ್ಧಾಂತದ ಭಾಷೆ ಸಿಕ್ಕಿದ್ದು 1992ರಲ್ಲಿ. ಫಿನ್ಲೆಂಡಿನ ಸಂಶೋಧಕ ಲೌರಿ ಕೊಸ್ಕೆಲ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ವರದಿಯೊಂದರಲ್ಲಿ, ನಿರ್ಮಾಣವನ್ನು ಕೇವಲ ಸಿಮೆಂಟು, ಕಬ್ಬಿಣವನ್ನು ಗೋಡೆಯಾಗಿಸುವ ಕ್ರಿಯೆಗಳ ಮೊತ್ತವೆಂದು ನೋಡುವುದೇ ತಪ್ಪು ಎಂದರು. ಸಾಮಗ್ರಿ ಸಾಗುವುದು, ಕಾಯುವುದು, ತಪಾಸಣೆ, ಮತ್ತೆ ಕಾಯುವುದು ಇವೆಲ್ಲ ಸೇರಿದ ಹರಿವನ್ನು ಲೆಕ್ಕಕ್ಕೆ ಹಿಡಿಯದೆ ವೇಗ ಸಾಧ್ಯವಿಲ್ಲ ಎಂಬುದು ಟೊಯೊಟಾ ಕಾರ್ಖಾನೆಯ ಪಾಠದಿಂದ ಅವರು ತೆಗೆದ ತಿಳಿವು. 1993ರಲ್ಲಿ ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಸೇರಿದ ಪುಟ್ಟ ಗುಂಪು 'ಲೀನ್ ಕನ್‌ಸ್ಟ್ರಕ್ಷನ್' (ಪೋಲು ತಗ್ಗಿಸುವ ನಿರ್ಮಾಣ) ಎಂಬ ಹೆಸರಿನಲ್ಲಿ ಬೆಳೆಯಿತು. ಅದರ ವಾರ್ಷಿಕ ಸಮ್ಮೇಳನ 2018ರಲ್ಲಿ ಚೆನ್ನೈನಲ್ಲೂ ನಡೆಯಿತು.

ಇದೇ ಗುಂಪಿನ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗರಿ ಹೊವೆಲ್ ನಿವೇಶನಕ್ಕಿಳಿದು ಸರಳವಾದ ಒಂದು ಅಳತೆ ತೆಗೆದರು: ಈ ವಾರ ಮುಗಿಸುತ್ತೇವೆಂದು ಒಪ್ಪಿಕೊಂಡ ಕೆಲಸಗಳಲ್ಲಿ ವಾರಾಂತ್ಯಕ್ಕೆ ನಿಜಕ್ಕೂ ಮುಗಿದವು ಎಷ್ಟು? ಅವರು ನೋಡಿದ ಕಾಮಗಾರಿಗಳಲ್ಲಿ ಸರಾಸರಿ ಶೇ 54ರಷ್ಟು. ಅಂದರೆ ಕಚೇರಿಯ ಗೋಡೆಯ ಮೇಲಿನ ನಕ್ಷೆ ಎಷ್ಟೇ ನಿಖರವಾಗಿದ್ದರೂ, ವಾರದ ಮಾತು ಅರ್ಧದಷ್ಟು ಸಲ ಉಳಿಯುತ್ತಿರಲಿಲ್ಲ. ನಮ್ಮ ಯಾವುದೇ ನಿವೇಶನದಲ್ಲಿ ನಿಂತರೂ ಇದು ಅರ್ಥವಾಗುತ್ತದೆ. ಗುರುವಾರ ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕಬೇಕು. ಸೆಂಟ್ರಿಂಗ್ ಆಗಿದೆ, ಕಂಬಿ ಕಟ್ಟಿಯಾಗಿದೆ. ಆದರೆ ಎಲೆಕ್ಟ್ರಿಕ್ ಪೈಪ್ ಹಾಕುವವನು ಬಂದಿಲ್ಲ, ಕಂಬಿ ಪರೀಕ್ಷಿಸಿ ಸಹಿ ಹಾಕಬೇಕಾದ ಎಂಜಿನಿಯರ್ ಇನ್ನೊಂದು ನಿವೇಶನದಲ್ಲಿದ್ದಾರೆ. ಸೋಮವಾರ ಕೇಳಿದಾಗ ಮೇಸ್ತ್ರಿ "ಆಗುತ್ತೆ ಸಾರ್" ಎಂದಿದ್ದ. ಆಗುವುದಿಲ್ಲ ಎನ್ನುವ ಹಕ್ಕು ಅವನಿಗಿರಲಿಲ್ಲ. ಬಲ್ಲಾರ್ಡ್ ರೂಪಿಸಿದ 'ಲಾಸ್ಟ್ ಪ್ಲಾನರ್' ಪದ್ಧತಿಯ ಜೀವಾಳವೇ ಆ ಹಕ್ಕು. ಅಡ್ಡಿಗಳೆಲ್ಲ ತೆರವಾದ ಕೆಲಸಕ್ಕೆ ಮಾತ್ರ ಮಾತು ಕೊಡಬೇಕು, ಮಾತು ಕೊಡಬೇಕಾದವನು ಕೆಲಸ ಮಾಡಿಸುವವನೇ ಆಗಿರಬೇಕು, ತಪ್ಪಿದರೆ ಕಾರಣ ಬರೆದಿಟ್ಟು ಮುಂದಿನ ವಾರ ಅದನ್ನು ನೀಗಿಸಬೇಕು.

ಸಣ್ಣ ಏರುಪೇರುಗಳಿಂದ ಇಷ್ಟು ದೊಡ್ಡ ನಷ್ಟವೇ ಎಂಬ ಅನುಮಾನಕ್ಕೆ ಬರ್ಕಲಿಯ ಐರಿಸ್ ಟೊಮೆಲೈನ್ ಮತ್ತು ಸಂಗಡಿಗರು 1999ರಲ್ಲಿ ದಾಳದಾಟವೊಂದರ ಮೂಲಕ ಉತ್ತರಿಸಿದರು. ಸಾಲಾಗಿ ಕುಳಿತ ಆಟಗಾರರಲ್ಲಿ ಒಬ್ಬೊಬ್ಬರೂ ಒಂದೊಂದು ಕಸುಬು. ದಾಳ ಉರುಳಿಸಿ, ಬಿದ್ದಷ್ಟು ಕೆಲಸವನ್ನು ಮುಂದಿನವರಿಗೆ ದಾಟಿಸಬೇಕು, ಆದರೆ ಹಿಂದಿನವರಿಂದ ಬಂದದ್ದಕ್ಕಿಂತ ಹೆಚ್ಚು ದಾಟಿಸುವಂತಿಲ್ಲ. ಒಂದು ತಂಡದ ದಾಳದಲ್ಲಿ 4 ಅಥವಾ 6, ಇನ್ನೊಂದರ ದಾಳದಲ್ಲಿ 1 ಅಥವಾ 9. ಎರಡರ ಸರಾಸರಿಯೂ 5. ಆದರೂ ಎರಡನೆಯ ತಂಡ ತುಂಬ ಹಿಂದೆ ಬೀಳುತ್ತದೆ. ಮುಂದಿನವನಿಗೆ 9 ಬಿದ್ದರೂ ಕೈಯಲ್ಲಿ ಮಾಡಲು ಕೆಲಸವಿಲ್ಲದಿದ್ದರೆ ಆ ಒಳ್ಳೆಯ ವಾರ ಪೋಲಾಗುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಪೀಸ್ ವರ್ಕ್ ಲೆಕ್ಕದಲ್ಲಿ ದುಡಿಯುವ ತಂಡವು ಎರಡು ದಿನ ಖಾಲಿ ಕುಳಿತರೆ ಮೂರನೆಯ ದಿನ ಬೇರೆ ನಿವೇಶನಕ್ಕೆ ಹೋಗಿಬಿಡುತ್ತದೆ. ಮತ್ತೆ ಕರೆತರುವುದು ಸುಲಭವಲ್ಲ.

ಇನ್ನೊಂದು ಪಂಥ ತಡದ ಮೂಲವನ್ನು ಯೋಜನಾ ವರದಿಯಲ್ಲೇ ಹುಡುಕಿತು. ಡೆನ್ಮಾರ್ಕಿನ ಬೆಂಟ್ ಫ್ಲೈಬ್ಯಾರ್ ಮತ್ತು ಸಹೋದ್ಯೋಗಿಗಳು 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ, ಹತ್ತರಲ್ಲಿ ಒಂಬತ್ತು ಅಂದಾಜು ವೆಚ್ಚವನ್ನು ಮೀರಿದವೆಂದು 2002ರಲ್ಲಿ ಬರೆದರು. ಅನುಮೋದನೆ ಸಿಗಲೆಂದು ಅಂದಾಜನ್ನೇ ತಗ್ಗಿಸುತ್ತಾರೆ ಎಂಬುದು ಅವರ ಆರೋಪ. ಆರೋಪದಲ್ಲಿ ಹುರುಳಿದೆ. ಆದರೆ ಪ್ರಾಮಾಣಿಕ ಅಂದಾಜು ಹಾಕಿದ ಕಾಮಗಾರಿಯಲ್ಲೂ ಗುರುವಾರದ ಸ್ಲ್ಯಾಬ್‌ಗೆ ಕಾಂಕ್ರೀಟ್ ತಾನಾಗಿ ಬೀಳುವುದಿಲ್ಲವಾದ್ದರಿಂದ, ಈ ಲೇಖಕನ ಒಲವು ಮೊದಲಿನ ಪಂಥದ ಕಡೆಗೇ.

ಈಗಿನ ಸಂಶೋಧನೆ ಹೆಚ್ಚಾಗಿ ಯಂತ್ರಗಳತ್ತ ತಿರುಗಿದೆ. ಡ್ರೋನ್ ತೆಗೆದ ಚಿತ್ರಗಳನ್ನು ಕಟ್ಟಡದ ಮೂರು ಆಯಾಮದ ಮಾದರಿಯೊಂದಿಗೆ ಹೋಲಿಸಿ ಎಷ್ಟು ಕೆಲಸವಾಗಿದೆ ಎಂದು ತಾನೇ ಹೇಳುವ ತಂತ್ರಾಂಶ, ಹಳೆಯ ದಾಖಲೆಗಳಿಂದ ಕಲಿತು ತಡವನ್ನು ಮುಂಚೆಯೇ ಊಹಿಸುವ ಕೃತಕ ಬುದ್ಧಿಮತ್ತೆ ಇವೆಲ್ಲ ಬಂದಿವೆ. ಚಿತ್ರದಿಂದ ಕೆಲಸ ಎಷ್ಟಾಗಿದೆ ಎಂಬುದು ತಿಳಿಯುತ್ತದೆ; ಏಕೆ ಆಗಿಲ್ಲ ಎಂಬುದನ್ನು ಯಾರಾದರೂ ಬರೆದಿಟ್ಟಿರಬೇಕು. ನಮ್ಮ ಸರ್ಕಾರಿ ಕಾಮಗಾರಿಗಳಲ್ಲಿ ಅದಕ್ಕೊಂದು ಪುಸ್ತಕವಿದೆ, 'ಹಿಂಡ್ರೆನ್ಸ್ ರಿಜಿಸ್ಟರ್'. ಕೆಲಸಕ್ಕೆ ಬಂದ ಅಡ್ಡಿ ಯಾವುದು, ಎಂದಿನಿಂದ ಎಂದಿನವರೆಗೆ, ಎಷ್ಟು ದಿನ ನಷ್ಟ ಎಂಬುದನ್ನು ಅದರಲ್ಲಿ ನಮೂದಿಸಿ ಗುತ್ತಿಗೆದಾರ ಮತ್ತು ಇಲಾಖೆಯ ಎಂಜಿನಿಯರ್ ಇಬ್ಬರೂ ಸಹಿ ಹಾಕುತ್ತಾರೆ. ಬಲ್ಲಾರ್ಡ್ ಕೇಳಿದ ಪ್ರಶ್ನೆಯೇ ಅಲ್ಲಿದೆ, ಉದ್ದೇಶ ಮಾತ್ರ ಬೇರೆ. ಅವಧಿ ವಿಸ್ತರಣೆ ಕೇಳುವಾಗ ಮತ್ತು ದಂಡದಿಂದ ಪಾರಾಗುವಾಗ ನೆರವಾಗುವ ದಾಖಲೆಯಾದ್ದರಿಂದ, ಇನ್ನೊಬ್ಬರ ಹೊಣೆಗೆ ಸೇರುವ ಅಡ್ಡಿಗಳು ಅದರಲ್ಲಿ ತಪ್ಪದೆ ಜಾಗ ಪಡೆಯುತ್ತವೆ: ಮಳೆ, ನಕ್ಷೆ ತಡ, ಜಾಗ ಹಸ್ತಾಂತರವಾಗದ್ದು. ಬಾರದ ಪೈಪಿನವನು, ಸಹಿಗಾಗಿ ಕಾದ ಮಧ್ಯಾಹ್ನ, ಬಿಟ್ಟುಹೋದ ತಂಡ ಅದರೊಳಗೆ ಬರುವುದಿಲ್ಲ. ಇಂಥ ಪುಸ್ತಕಗಳಿಂದ ಕಲಿಯುವ ತಂತ್ರಾಂಶವು ತಡವನ್ನು ಊಹಿಸುವಾಗ ಮೊದಲು ಹೇಳುವುದೂ ಮಳೆ ಮತ್ತು ಭೂಸ್ವಾಧೀನವನ್ನೇ.