ಹಲ್ಲಿನ ದವಾಖಾನೆಗೆ ಬಾಡಿಗೆ ಸಾಕ್ಷಿಗಳು: ಬ್ಯಾಕ್‌ಲಿಂಕ್ ಪ್ಯಾಕೇಜ್ ಕಲಬುರಗಿಗೆ ಬಂದ ದಾರಿ

ಕಲಬುರಗಿಯ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಸುತ್ತ ಒಂದು ಸಂಜೆ ನಡೆದು ನೋಡಿ. ಹಲ್ಲಿನ ದವಾಖಾನೆಗಳ ಬೋರ್ಡು ಸಾಲಾಗಿ ಸಿಗುತ್ತವೆ. ಅದೇನೂ ಆಶ್ಚರ್ಯವಲ್ಲ. ಊರಲ್ಲೇ ಎಚ್‌ಕೆಇ ಸಂಸ್ಥೆಯ ಡೆಂಟಲ್ ಕಾಲೇಜಿದೆ, ಅಲ್-ಬದರ್ ಇದೆ. ಬೀದರ್‌ನಲ್ಲಿ ಎಸ್.ಬಿ. ಪಾಟೀಲ ಕಾಲೇಜು, ಹುಮನಾಬಾದ್‌ನಲ್ಲಿ ಇನ್ನೊಂದು. ಓದು ಮುಗಿಸಿದವರಲ್ಲಿ ಒಂದಷ್ಟು ಜನ ಇಲ್ಲೇ ಕುರ್ಚಿ ಹಾಕುತ್ತಾರೆ. ಗುಟ್ಕಾ ಇದೆ, ಎಲೆ-ಅಡಿಕೆ ಇದೆ, ಯಾದಗಿರಿ ಕಡೆ ಫ್ಲೋರೈಡ್ ನೀರಿದೆ. ರೋಗಿಗಳಿಗೇನೂ ಬರವಿಲ್ಲ. ಆದರೆ ಪೈಪೋಟಿ ಬೀದಿ ಬಿಟ್ಟು ಫೋನಿನೊಳಗೆ ಹೊಕ್ಕಿದೆ. ಈಗ ಡಾಕ್ಟರುಗಳು ಸೇರಿದಾಗ ಕೇಳಿಕೊಳ್ಳುವುದು, ಗೂಗಲ್‌ನಲ್ಲಿ ಮೊದಲು ಯಾರ ಹೆಸರು ಬರ್ತದೆ ಅಂತ.

ಆ ಮೊದಲ ಜಾಗ ಕೊಡಿಸುತ್ತೇವೆ ಅಂತ ಮಾರಾಟವಾಗುವ ಸಾಮಾನಿನ ಹೆಸರು ಬ್ಯಾಕ್‌ಲಿಂಕ್. ಬೇರೆ ಯಾವುದೋ ವೆಬ್‌ಸೈಟ್‌ನಲ್ಲಿ ನಿಮ್ಮ ದವಾಖಾನೆಯ ವೆಬ್‌ಸೈಟಿಗೆ ಒಂದು ಕೊಂಡಿ ಹಾಕಿಸುವುದು. ಅಷ್ಟೇ. ಹಾಗೆ ಹತ್ತಾರು ಕಡೆ ಹಾಕಿಸಿದರೆ ಗೂಗಲ್ ನಿಮ್ಮನ್ನು ದೊಡ್ಡವರು ಅಂದುಕೊಂಡು ಮೇಲೆ ತರುತ್ತದೆ ಅನ್ನುವುದು ಲೆಕ್ಕ.

ಈ ಲೆಕ್ಕ ಪೂರಾ ಸುಳ್ಳಲ್ಲ. ಅದಕ್ಕೇ ವಿಷಯ ಇಷ್ಟು ಗೋಜಲಾಗಿರುವುದು.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ಗೂಗಲ್ ಶುರು ಮಾಡಿದಾಗ ಅವರ ಬಂಡವಾಳವೇ ಈ ಕೊಂಡಿ. ನಮ್ಮಲ್ಲಿ ಸಂಬಂಧ ನೋಡುವಾಗ ಹುಡುಗನ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಯಾರು ಹೇಳಿದರು ಅನ್ನುವುದನ್ನೂ ನೋಡುತ್ತೇವೆ. ಕಟ್ಟೆ ಮೇಲೆ ಕೂತವನ ಮಾತಿಗೂ ಹುಡುಗನಿಗೆ ಪಾಠ ಹೇಳಿದ ಮಾಸ್ತರರ ಮಾತಿಗೂ ಒಂದೇ ತೂಕ ಇರುವುದಿಲ್ಲ, ಅಲ್ವಾ? ಪೇಜ್ ಮತ್ತು ಬ್ರಿನ್ ಮಾಡಿದ ಪೇಜ್‌ರ‍್ಯಾಂಕ್ ಇದೇ ಉಪಾಯ. ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಹಾಕಿವೆ, ಹಾಕಿದವು ಎಂಥವು ಅಂತ ಎಣಿಸುವುದು. ಕೊಂಡಿ ಅಂದರೆ ಸಾಕ್ಷಿ.

2000ದ ಕೊನೆಗೆ ಗೂಗಲ್, ಬ್ರೌಸರಿಗೆ ಸೇರಿಸಿಕೊಳ್ಳುವ ತನ್ನ ಟೂಲ್‌ಬಾರಿನಲ್ಲಿ ಪ್ರತಿ ಪುಟಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ತೋರಿಸತೊಡಗಿತು. ಸಾಕ್ಷಿಯ ತೂಕ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಅದಕ್ಕೆ ರೇಟು ಕಟ್ಟುವುದು ತಡವಾಗಲಿಲ್ಲ. ಆಮೇಲಿನ ಹತ್ತು ವರ್ಷ ಹಾವು-ಏಣಿ ಆಟ. 2005ರಲ್ಲಿ 'ನೋಫಾಲೋ' ಅನ್ನುವ ಗುರುತು ಬಂತು. ಈ ಕೊಂಡಿಯನ್ನು ಸಾಕ್ಷಿ ಅಂತ ಎಣಿಸಬೇಡಿ ಅಂತ ಸೈಟಿನವರೇ ಹೇಳುವ ದಾರಿ ಅದು. 2007ರಲ್ಲಿ ಕೊಂಡಿ ಮಾರುವ ಸೈಟುಗಳ ಅಂಕ ಇಳಿಯಿತು. 2011ರ ಫೆಬ್ರುವರಿಯಲ್ಲಿ ಅಮೆರಿಕದ ದೊಡ್ಡ ಅಂಗಡಿ ಜೆಸಿ ಪೆನಿ ಸಾವಿರಾರು ಕೊಂಡಿಗಳ ಬಲದಿಂದ ಮೇಲೆ ಕೂತಿದೆ ಅಂತ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. 59 ಹುಡುಕು ಪದಗಳಲ್ಲಿ ಸರಾಸರಿ 1.3ನೇ ಜಾಗದಲ್ಲಿದ್ದ ಅಂಗಡಿ ಹತ್ತೇ ದಿನದಲ್ಲಿ 52ಕ್ಕೆ ಬಿತ್ತು. ಮರುವರ್ಷ ಜನವರಿಯಲ್ಲಿ ಇನ್ನೂ ಮಜಾ. ಗೂಗಲ್‌ನ ಕ್ರೋಮ್ ಪ್ರಚಾರಕ್ಕೇ ಯಾರೋ ದುಡ್ಡಿನ ಕೊಂಡಿ ಹಾಕಿಸಿದ್ದರು. ಗೂಗಲ್ ತನ್ನದೇ ಕ್ರೋಮ್ ಪುಟವನ್ನು 60 ದಿನ ಕೆಳಗೆ ತಳ್ಳಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕಳ್ಳ ಕೊಂಡಿ ಹಿಡಿಯುವ ಗೂಗಲ್‌ನ ಹೊಸ ವ್ಯವಸ್ಥೆ 'ಪೆಂಗ್ವಿನ್' ಬಂತು. ಕೊಂಡಿ ಕೊಂಡವರ ಸೈಟುಗಳು ರಾತ್ರೋರಾತ್ರಿ ಮಾಯವಾದವು.

ಇಲ್ಲಿಯವರೆಗಿನದು ದೂರದ ಕಥೆ. ನಮ್ಮೂರಿಗೆ ಇದು ತಟ್ಟಿದ್ದು 2016ರ ಸೆಪ್ಟೆಂಬರ್‌ನಿಂದ.

ಆ ಒಂದೇ ತಿಂಗಳಲ್ಲಿ ಎರಡು ಸಂಗತಿ ನಡೆದವು. ಒಂದು, ಜಿಯೋ ಶುರುವಾಯಿತು. ಆಳಂದದ ಹುಡುಗನ ಕೈಯಲ್ಲೂ ಜೇವರ್ಗಿಯ ಅಜ್ಜಿಯ ಪಕ್ಕದಲ್ಲೂ ಇಂಟರ್ನೆಟ್ ಬಂತು. ಇನ್ನೊಂದು ಹೆಚ್ಚು ಸದ್ದು ಮಾಡಲಿಲ್ಲ. ಗೂಗಲ್ ಪೆಂಗ್ವಿನ್‌ನ ಸ್ವಭಾವ ಬದಲಿಸಿತು. ಅಲ್ಲಿಂದ ಮುಂದೆ ಕಳ್ಳ ಕೊಂಡಿಗೆ ಸಾಮಾನ್ಯವಾಗಿ ಶಿಕ್ಷೆ ಇಲ್ಲ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ 'ಸ್ಪ್ಯಾಮ್‌ಬ್ರೇನ್' ಅನ್ನುವ ಯಂತ್ರವನ್ನು ಇದೇ ಕೆಲಸಕ್ಕೆ ಹಚ್ಚಿದರು. ಕೊಂಡವರನ್ನೂ ಮಾರುವ ಸೈಟನ್ನೂ ಅದು ಗುರುತು ಹಿಡಿದು ಕೊಂಡಿಯ ಬೆಲೆ ಸೊನ್ನೆ ಮಾಡುತ್ತದೆ.

ಕೇಳಲು ಇದು ದಯೆಯ ಹಾಗಿದೆ. ನನಗೆ ಹಾಗನ್ನಿಸುವುದಿಲ್ಲ. ಏಟು ಬೀಳುತ್ತಿದ್ದ ಕಾಲದಲ್ಲಿ ಕೊಂಡವನಿಗೆ ಕನಿಷ್ಠ ಗೊತ್ತಾಗುತ್ತಿತ್ತು. ಈಗ ಏನೂ ಆಗುವುದಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ತಿಂಗಳ ದುಡ್ಡು ಮಾತ್ರ ಹೋಗುತ್ತಿರುತ್ತದೆ. "ಇನ್ನೂ ಮೂರು ತಿಂಗಳು ನೋಡೋಣ ಸರ್" ಅಂದರೆ ಬೇಡ ಅನ್ನಲು ಕೈಯಲ್ಲಿ ಆಧಾರ ಇರುವುದಿಲ್ಲ. ಈ ಪೇಟೆ ಇಷ್ಟು ವರ್ಷ ಬಾಳಿದ್ದು ಈ ಮೌನದಿಂದಲೇ ಅಂತ ನನ್ನ ಅಂದಾಜು.

ಪರಿಚಯದ ಡಾಕ್ಟರೊಬ್ಬರು ತಾವು ಕೊಂಡ ಪ್ಯಾಕೇಜಿನ ಶೀಟನ್ನು ನನಗೆ ತೋರಿಸಿದ್ದರು. ರಾತ್ರಿ ಎಂಟೂವರೆ, ಕೊನೆಯ ಪೇಷಂಟ್ ಬಾಯಿ ಮುಕ್ಕಳಿಸುತ್ತಿದ್ದರು. ಎಕ್ಸೆಲ್‌ನಲ್ಲಿ 40 ಸಾಲು. ಪ್ರತಿ ಸಾಲಿಗೂ ಒಂದು ವಿಳಾಸ, ಅದರ ಮುಂದೆ ಡಿಎ 52, ಡಿಎ 47, ಡಿಎ 61. ಡಿಎ ಅಂದರೆ ಡೊಮೇನ್ ಅಥಾರಿಟಿ, ಮೋಜ್ ಅನ್ನುವ ಕಂಪನಿ ತನ್ನ ಲೆಕ್ಕದಲ್ಲಿ ಕೊಡುವ ನೂರರೊಳಗಿನ ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ, ಹಾಗಂತ ಮೋಜ್‌ನವರೇ ಹೇಳಿದ್ದಾರೆ. ಆದರೆ ಹಳೇ ಟೂಲ್‌ಬಾರ್ ಅಂಕ 2016ರಲ್ಲಿ ಕಣ್ಮರೆಯಾಯಿತು. ಪೇಟೆಗೆ ಒಂದು ತಕ್ಕಡಿ ಬೇಕಲ್ಲ, ಆ ಜಾಗದಲ್ಲಿ ಇಂಥ ಅಂಕಗಳು ಕೂತಿವೆ.

ನಾವು ಒಂದೊಂದೇ ಕೊಂಡಿ ಒತ್ತಿದೆವು. ಮೊದಲನೆಯದು ಫೋನಿನ ಬ್ಯಾಟರಿ ಜಾಸ್ತಿ ಹೊತ್ತು ಉಳಿಸುವ ಬಗೆಗಿನ ಇಂಗ್ಲಿಷ್ ಲೇಖನ. ನಾಲ್ಕನೇ ಪ್ಯಾರಾದ ನಡುವೆ ಇದ್ದಕ್ಕಿದ್ದಂತೆ 'ಪೇನ್‌ಲೆಸ್ ರೂಟ್ ಕೆನಾಲ್ ಇನ್ ಗುಲ್ಬರ್ಗಾ'. ಎರಡನೆಯದು ಗೋವಾ ಪ್ರವಾಸ. ಅದರಲ್ಲಿ ಇವರ ಮೇಲೊಂದು ರಮ್ಮಿ ಆಟದ ಕೊಂಡಿ, ಕೆಳಗೊಂದು ಸಾಲ ಕೊಡುವವರದು. ಐದನೆಯ ವಿಳಾಸದ ಹೆಸರು ನೋಡಿದರೆ ಒಂದು ಕಾಲಕ್ಕೆ ಯಾವುದೋ ಶಾಲೆಯದು. ಶಾಲೆಯವರು ವಿಳಾಸ ನವೀಕರಿಸದೆ ಬಿಟ್ಟಿರಬೇಕು, ಹಳೇ ಮರ್ಯಾದೆಯ ಸಮೇತ ಯಾರೋ ಎತ್ತಿಕೊಂಡು ಅಲ್ಲಿ ಲೇಖನ ತುಂಬಿದ್ದಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನೂ ನಿಯಮದಲ್ಲಿ ಹೆಸರಿಟ್ಟು ನಿಷೇಧಿಸಿತು. ಶೀಟಿನಲ್ಲಿ ಒಂದಷ್ಟು ಪುಟಗಳು ತೆರೆಯಲೇ ಇಲ್ಲ.

ಡಾಕ್ಟರಿಗೆ ಚುಚ್ಚಿದ್ದು ರಮ್ಮಿ ಅಲ್ಲ, 'ಪೇನ್‌ಲೆಸ್' ಅನ್ನುವ ಪದ. ಅದಕ್ಕೂ ಒಂದು ಹಿನ್ನೆಲೆ ಇದೆ.

1948ರ ದಂತವೈದ್ಯರ ಕಾಯ್ದೆಯಡಿ 1976ರಲ್ಲಿ ದಂತವೈದ್ಯರಿಗೆ ನೀತಿಸಂಹಿತೆ ಬಂತು. ಬೋರ್ಡು ಎಷ್ಟಿರಬೇಕು ಅಂತ ಅದರಲ್ಲಿ ಅಳತೆಯೇ ಇದೆ: 0.9 ಮೀಟರ್ ಉದ್ದ, 0.6 ಮೀಟರ್ ಅಗಲ. ಮಿನುಗುವ ದೀಪ ಬೇಡ. 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಅಂತ ಬರೆಯಬಾರದು. 2014ರಲ್ಲಿ ಸಂಹಿತೆ ಪರಿಷ್ಕಾರವಾಯಿತು, ಗಿರಾಕಿ ಸೆಳೆಯುವ ಜಾಹೀರಾತು ಸಲ್ಲದು ಅನ್ನುವ ಮೂಲ ಮಾತು ಉಳಿಯಿತು. 2023ರಲ್ಲಿ ಕಾಯ್ದೆಯನ್ನೇ ಬದಲಿಸಿ ರಾಷ್ಟ್ರೀಯ ದಂತ ಆಯೋಗ ತರುವ ಮಸೂದೆಯನ್ನು ಸಂಸತ್ತು ಒಪ್ಪಿತು. ಟೇಪು ಹಿಡಿದು ಬೋರ್ಡು ಅಳೆಯುವ ಕಾಲದ ನಿಯಮಕ್ಕೆ, ಬ್ಯಾಟರಿ ಲೇಖನದ ಹೊಟ್ಟೆಯೊಳಗಿನ ಮೂರು ಪದ ಕಾಣುವುದು ಹೇಗೆ?

"ಹೊರಗ ಬೋರ್ಡಿನ ಮ್ಯಾಲ ನಾನು ಬರಿಯಂಗಿಲ್ಲ. ಇವ್ರು ನಾಲ್ವತ್ತು ಕಡೆ ಬರದಾರ ನೋಡ್ರಿ" ಅಂದರು ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು, "ನಾನ ರೊಕ್ಕ ಕೊಟ್ಟೀನಿ" ಅಂತ ತಾವೇ ಸೇರಿಸಿದರು.

ಹಾಗಂತ ಪ್ಯಾಕೇಜ್ ಮಾರಿದ ಹುಡುಗನನ್ನು ಬೈದರೆ ಪೂರ್ತಿ ಸರಿಯಾಗದು. ಅವನು ವೆಬ್‌ಸೈಟ್ ಮಾಡಿಕೊಡುವವನು. ಕೊಂಡಿಯ ಕೆಲಸವನ್ನು ಬೇರೆ ಊರಿನ ಸಗಟು ವ್ಯಾಪಾರಿಗೆ ಕೊಡುತ್ತಾನೆ. ಆ ವ್ಯಾಪಾರಿ ಸೈಟು ಇಟ್ಟವನಿಗೆ ಕೊಡುತ್ತಾನೆ. ಲೇಖನ ಬರೆದವನು ಕಲಬುರಗಿ ಕಂಡವನಲ್ಲ. ಅವನಿಗೆ ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬದಲಾಗಿದ್ದೂ ಗೊತ್ತಿರಲಿಕ್ಕಿಲ್ಲ. ಸರಪಳಿಯ ಪ್ರತಿಯೊಬ್ಬರಿಗೂ ಅರ್ಧ ಗೊತ್ತು. ಪೂರಾ ಹೊಣೆ ಬಿದ್ದರೆ ಬೀಳುವುದು ವೆಬ್‌ಸೈಟ್ ಯಾರ ಹೆಸರಲ್ಲಿದೆಯೋ ಅವರ ಮೇಲೆ. ತೀರಾ ಅತಿಯಾದಾಗ ಈಗಲೂ ಗೂಗಲ್ ಸಿಬ್ಬಂದಿಯೇ ನೋಡಿ ಕ್ರಮ ಕೈಗೊಳ್ಳುವುದುಂಟು. ಆ ನೋಟಿಸು ಸರ್ಚ್ ಕನ್ಸೋಲ್‌ಗೆ, ಅಂದರೆ ಸೈಟಿನವರಿಗೆ ಗೂಗಲ್ ಕೊಡುವ ಖಾತೆಗೆ ಬರುತ್ತದೆ. ಕನ್ಸೋಲ್‌ನ ಪಾಸ್‌ವರ್ಡ್ ಬಹಳ ಸಲ ಡಾಕ್ಟರ ಹತ್ತಿರ ಇರುವುದೇ ಇಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ದುಡ್ಡು ಕೊಟ್ಟು ಕೊಂಡಿ ಹಾಕಿಸುವುದೇ ತಪ್ಪು ಅಂತ ಗೂಗಲ್ ಹೇಳುವುದಿಲ್ಲ. ಜಾಹೀರಾತು ಜಾಹೀರಾತೇ. 2019ರಿಂದ ಅದಕ್ಕೆ 'ಸ್ಪಾನ್ಸರ್ಡ್' ಅನ್ನುವ ಗುರುತೂ ಇದೆ. ಗುರುತು ಹಾಕಿ, ಯಾರೂ ಕೇಳುವುದಿಲ್ಲ. ಆದರೆ ಗುರುತು ಹಾಕಿದರೆ ಸಾಕ್ಷಿ ಅನ್ನಿಸಿಕೊಳ್ಳುವುದಿಲ್ಲ, ಸಾಕ್ಷಿ ಅಲ್ಲದ ಕೊಂಡಿಗೆ ಈ ಪೇಟೆಯಲ್ಲಿ ಬೆಲೆ ಇಲ್ಲ.

ಇನ್ನು ರೋಗಿಯ ಕಡೆಯಿಂದ ನೋಡಿ. ಚಿತ್ತಾಪುರದಿಂದ ಬಸ್ಸಿಳಿದು ದವಡೆ ಹಿಡಿದುಕೊಂಡವರು ಫೋನಿಗೆ ಹೇಳುವುದು 'ಹಲ್ಲಿನ ದವಾಖಾನೆ' ಅಂತಲೋ 'ದಾಂತ್ ಕಾ ಡಾಕ್ಟರ್' ಅಂತಲೋ. ಮೊದಲು ಕಾಣುವುದು ಮ್ಯಾಪ್ ಮತ್ತು ಅದರ ಕೆಳಗೆ ಮೂರು ಹೆಸರು. 2015ರಿಂದ ಅಲ್ಲಿ ಮೂರೇ. ಆ ಮೂರನ್ನು ಆರಿಸುವಾಗ ಗೂಗಲ್ ನೋಡುವುದು ಹುಡುಕಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರು ಮಾಡಿದೆ ಅಂತ. ಹೆಸರಿನ ಲೆಕ್ಕದಲ್ಲಿ ಕೊಂಡಿಗಳೂ ಬರುತ್ತವೆ, ಸುಳ್ಳಲ್ಲ. ಆದರೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತವರಿಗೆ ಸೇಡಂ ರಸ್ತೆಯ ದವಾಖಾನೆಯನ್ನು ಗೋವಾ ಪ್ರವಾಸದ ಲೇಖನ ಹತ್ತಿರ ಎಳೆದು ತರಲಾರದು. ಗೂಗಲ್‌ನಲ್ಲಿರುವ ದವಾಖಾನೆಯ ಪ್ರೊಫೈಲಿನಲ್ಲಿ ಸರಿಯಾದ ಫೋನ್ ನಂಬರ್, ಭಾನುವಾರ ತೆರೆದಿದೆಯೋ ಇಲ್ಲವೋ, ಬಂದು ಹೋದವರ ನಾಲ್ಕು ಮಾತು, ಇವುಗಳಿಂದಲೇ ಅರ್ಧ ಕೆಲಸ ಆಗುತ್ತದೆ. (ಆ ನಾಲ್ಕು ಮಾತೂ ಈಗ ಮಾರಾಟಕ್ಕಿವೆ. ಅದು ಬೇರೆ ಕಥೆ.)

ಇದೇ ಕಾರಣಕ್ಕೆ ಡಾಕ್ಟರು ತಮ್ಮ ಕುರ್ಚಿಯಲ್ಲೇ ಕೂತು ಹುಡುಕಿದಾಗಲೆಲ್ಲ ತಾವೇ ಮೊದಲು ಬರುತ್ತಿದ್ದರು. ಫೋನಿಗೆ ಅವರು ಎಲ್ಲಿದ್ದಾರೆ ಅಂತ ಗೊತ್ತು. ಅದನ್ನೇ ಪ್ಯಾಕೇಜಿನ ಫಲ ಅಂದುಕೊಂಡು ಆರು ತಿಂಗಳು ಖುಷಿಯಾಗಿದ್ದರು. ಬೀದರ್‌ನಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿ ಇದನ್ನೇ ಹುಡುಕು ಅಂದೆವು. ಅವನಿಗೆ ಬೀದರ್‌ನ ದವಾಖಾನೆಗಳು ಬಂದವು. 'ಕಲಬುರಗಿ' ಸೇರಿಸಿದಾಗ ಇವರು ಎರಡನೇ ಪುಟದಲ್ಲಿ ಸಿಕ್ಕರು, 'ಗುಲ್ಬರ್ಗಾ' ಅಂದಾಗ ಮೊದಲ ಪುಟದ ಕೊನೆಗೆ.

ಆಮೇಲೆ ಅವರು ಪ್ಯಾಕೇಜ್ ನಿಲ್ಲಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಮುಂದಿನ ಸಲ ಹೋದಾಗ ಕೌಂಟರಿನ ರಿಜಿಸ್ಟರ್‌ನಲ್ಲಿ ಹೊಸದೊಂದು ಕಾಲಂ ಎಳೆದಿತ್ತು: ಯಾರು ಹೇಳಿದರು? ರಿಸೆಪ್ಷನ್ ಹುಡುಗಿ ಸೀಸದ ಕಡ್ಡಿಯಲ್ಲಿ ತುಂಬಿದ್ದಳು. ಮಾವ. ಮೆಡಿಕಲ್ ಅಂಗಡಿ. ಮ್ಯಾಪ್. ಬಾಜೂ ಮನಿಯವರು. ಬೋರ್ಡು ನೋಡಿ. ಮಾವ.