ಕ್ಲಚ್ ಹಿಡಿದಾಗಲೋ, ಬಿಟ್ಟಾಗಲೋ?

ಹಳೇ ಮೋಟಾರ್‌ಸೈಕಲ್ ತಂದು ನಿಲ್ಲಿಸಿದವರು ಶಬ್ದವನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಗರಗರ, ಲಟಲಟ, ಕಿರ್ರ್, ಗೊಟಕ್. ಇಂಥ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ, ನನಗೆ ಅವು ಉಪಯೋಗಕ್ಕೂ ಬರುತ್ತವೆ. ಗರಗರ ಅಂದರೆ ಮನಸ್ಸು ಬೇರಿಂಗ್ ಕಡೆ ಹೋಗುತ್ತದೆ. ಲಟಲಟ ಅಂದರೆ ಎಲ್ಲೋ ಸಂದು ಜಾಸ್ತಿಯಾಗಿರಬೇಕು ಅನ್ನಿಸುತ್ತದೆ. ಆದರೂ ನಾನು ಮೊದಲು ಕೇಳುವುದು ಬೇರೆ: "ಕ್ಲಚ್ ಹಿಡಿದಾಗ ಬರುತ್ತೋ, ಬಿಟ್ಟಾಗ ಬರುತ್ತೋ?"

ಬಹಳ ಜನ ಇದನ್ನು ಗಮನಿಸಿರುವುದಿಲ್ಲ. ಶಬ್ದ ಕೇಳಿದ ಕೂಡಲೇ ಗಾಬರಿಯಾಗಿ ಕವರ್ ಬಿಚ್ಚುವ ಯೋಚನೆಗೆ ಬಿದ್ದಿರುತ್ತಾರೆ. ಕವರ್ ಬಿಚ್ಚಿದ ಮೇಲೆ ಎಂಜಿನ್ ಮಾತಾಡುವುದಿಲ್ಲ. ಕೇಳಬೇಕಾದದ್ದನ್ನೆಲ್ಲ ಅದಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು.

ಶಬ್ದದಿಂದ ಜಾಗ ಹಿಡಿಯಬೇಕಾದರೆ ಯಾವುದು ಯಾವುದರ ಜೊತೆ ತಿರುಗುತ್ತದೆ ಅನ್ನುವುದು ತಲೆಯಲ್ಲಿರಬೇಕು. ಹೆಚ್ಚಿನ ಹಳೇ ಗಾಡಿಗಳಲ್ಲಿರುವುದು ಆಯಿಲ್‌ನಲ್ಲಿ ಮುಳುಗಿ ಓಡುವ, ಹಲವು ಪ್ಲೇಟುಗಳ ಕ್ಲಚ್. ಹೊರಗಿನ ಬಾಸ್ಕೆಟ್ಟನ್ನು ಎಂಜಿನ್ ತಿರುಗಿಸುತ್ತದೆ, ಚೈನ್ ಮೂಲಕವೋ ಗೇರ್ ಮೂಲಕವೋ. ಒಳಗಿನ ಹಬ್ ಗೇರ್‌ಬಾಕ್ಸಿನ ಮೇನ್ ಶಾಫ್ಟಿಗೆ ಕಚ್ಚಿಕೊಂಡಿರುತ್ತದೆ. ಫ್ರಿಕ್ಷನ್ ಪ್ಲೇಟುಗಳ ಕಿವಿ ಬಾಸ್ಕೆಟ್ಟಿನ ಬೆರಳುಗಳ ನಡುವಿನ ಸಂದಿನಲ್ಲಿ, ಸ್ಟೀಲ್ ಪ್ಲೇಟುಗಳ ಹಲ್ಲು ಹಬ್ಬಿನಲ್ಲಿ. ಲಿವರ್ ಬಿಟ್ಟಿದ್ದರೆ ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಿರುತ್ತವೆ, ಇಡೀ ಗಡ್ಡೆ ಒಂದಾಗಿ ತಿರುಗುತ್ತದೆ. ಲಿವರ್ ಹಿಡಿದರೆ ಪುಶ್ ರಾಡ್ ಅನ್ನುವ ಸರಳು, ಪ್ಲೇಟುಗಳನ್ನು ಅದುಮಿ ಹಿಡಿದಿರುವ ಪ್ರೆಷರ್ ಪ್ಲೇಟನ್ನು ಎತ್ತುತ್ತದೆ, ಬಾಸ್ಕೆಟ್ಟಿಗೂ ಹಬ್ಬಿಗೂ ಸಂಬಂಧ ತಪ್ಪುತ್ತದೆ.

ಇಷ್ಟು ಗೊತ್ತಿದ್ದರೆ ಒಂದು ವಿಷಯ ಹೊಳೆಯುತ್ತದೆ. ಬಾಸ್ಕೆಟ್ ನಡುವಿನ ಬೇರಿಂಗು, ಕ್ಲಚ್ ಬಿಟ್ಟಿರುವಷ್ಟು ಹೊತ್ತೂ ಕೆಲಸವಿಲ್ಲದೆ ಕೂತಿರುತ್ತದೆ. ಒಳಗಿನದೂ ಹೊರಗಿನದೂ ಒಂದೇ ವೇಗದಲ್ಲಿ ತಿರುಗುವಾಗ ಅದಕ್ಕೆ ಉರುಳುವ ಅಗತ್ಯವೇ ಇಲ್ಲ. ಹಾಗಾಗಿ ಅದು ಎಷ್ಟೇ ಸವೆದಿದ್ದರೂ ಆಗ ಗರಗರ ಅನ್ನುವುದಿಲ್ಲ. ಕ್ಲಚ್ ಹಿಡಿದಾಗಲೇ ಅದರ ಬಣ್ಣ ಬಯಲಾಗುವುದು.

ನಾನು ಪರೀಕ್ಷೆ ಮಾಡುವ ಕ್ರಮ ಹೀಗೆ. ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಳ್ಳುತ್ತೇನೆ, ತಣ್ಣನೆಯ ಗಟ್ಟಿ ಆಯಿಲ್ ಎಷ್ಟೋ ಶಬ್ದಗಳನ್ನು ಮುಚ್ಚಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಬಿಟ್ಟು, ಲಿವರನ್ನು ಅದರ ಸಡಿಲ ಮುಗಿಯುವವರೆಗೆ ಮಾತ್ರ, ಬೆರಳ ತುದಿಯಲ್ಲಿ ಎಳೆಯುತ್ತೇನೆ. ಪ್ಲೇಟುಗಳು ಇನ್ನೂ ಬೇರೆಯಾಗಿರುವುದಿಲ್ಲ, ಆದರೆ ಪುಶ್ ರಾಡ್ ಮೇಲೆ, ಅದರ ತುದಿಯಲ್ಲಿ ಒತ್ತಡ ಹೊರುವ ಥ್ರಸ್ಟ್ ಬೇರಿಂಗ್ ಮೇಲೆ ಭಾರ ಬಿದ್ದಿರುತ್ತದೆ. ಕೀಚಲು ಧ್ವನಿಯೋ ಸಣ್ಣ ಗರಗರವೋ ಆ ಕ್ಷಣವೇ ಶುರುವಾದರೆ ಹುಡುಕಾಟ ಅಲ್ಲಿಗೇ ಮುಕ್ಕಾಲು ಮುಗಿಯಿತು. ನಂತರ ಲಿವರ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕುತ್ತೇನೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ. ಈಗ ಹಬ್ ಪೂರ್ತಿ ನಿಂತಿದೆ, ಬಾಸ್ಕೆಟ್ ಒಂದೇ ತಿರುಗುತ್ತಿದೆ. ಪ್ರೆಷರ್ ಪ್ಲೇಟು ಹಬ್ಬಿನ ಜೊತೆಯದಾದ್ದರಿಂದ ಅದೂ ನಿಂತಿದೆ, ಅದನ್ನು ಒತ್ತುವ ಥ್ರಸ್ಟ್ ಬೇರಿಂಗೂ ಉರುಳುತ್ತಿಲ್ಲ. ನ್ಯೂಟ್ರಲ್‌ನಲ್ಲಿ ಇದ್ದ ಶಬ್ದ ಗೇರ್ ಹಾಕಿದ ಕೂಡಲೇ ನಿಂತರೆ ಥ್ರಸ್ಟ್ ಕಡೆ ನೋಡಿ. ಗೇರ್ ಹಾಕಿದ ಮೇಲೂ ಉಳಿದರೆ, ಅಥವಾ ಆಗಲೇ ಜೋರಾದರೆ, ಬಾಸ್ಕೆಟ್ ಬೇರಿಂಗ್.

ಬಿಎಂಡಬ್ಲ್ಯೂ, ಮೋಟೋ ಗುಜ್ಜಿಗಳ ಹಳೇ ಅವಳಿ ಸಿಲಿಂಡರ್ ಗಾಡಿಗಳಿಗೆ ಈ ಕೊನೆಯ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಕ್ಲಚ್ ಕಾರಿನ ಹಾಗೆ ಫ್ಲೈವೀಲ್ ಮೇಲೆ ಆಯಿಲ್ ಇಲ್ಲದೆ ಒಣದಾಗಿ ಕೂತಿರುತ್ತದೆ, ಪ್ರೆಷರ್ ಪ್ಲೇಟು ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ.

ಥ್ರಸ್ಟ್ ಬೇರಿಂಗೂ ರಾಡ್ ತುದಿಯೂ ಹಾಳಾಗುವುದಕ್ಕೆ ನಾನು ಅತಿ ಹೆಚ್ಚು ಕಂಡಿರುವ ಕಾರಣ ಕೇಬಲ್ಲನ್ನು ಬಿಗಿಯಾಗಿ ಕಟ್ಟುವುದು. ಕ್ಲಚ್ ಜಾರುತ್ತಿಲ್ಲವಲ್ಲ, ಇನ್ನೇನು ತೊಂದರೆ ಅಂದುಕೊಳ್ಳುತ್ತಾರೆ. ಲಿವರಿನಲ್ಲಿ 2-3 ಮಿ.ಮೀ. ಸಡಿಲ ಇರಲೇಬೇಕು. ಇಲ್ಲದಿದ್ದರೆ ರಾಡ್ ತುದಿ ಗಾಡಿ ಓಡುವಷ್ಟು ಹೊತ್ತೂ ಒತ್ತಡದಲ್ಲೇ ಉಜ್ಜುತ್ತದೆ, ಬಿಸಿಯಾಗಿ ನೀಲಿಗಟ್ಟುತ್ತದೆ, ಹದ ಹೋಗಿ ಮೆತ್ತಗಾಗಿ ಅಣಬೆಯ ತಲೆಯಂತೆ ಅಗಲವಾಗುತ್ತದೆ. ಅಂಥ ರಾಡನ್ನು ಉಜ್ಜಿ ಮತ್ತೆ ಹಾಕಬೇಡಿ, ಮೇಲಿನ ಗಟ್ಟಿ ಪದರ ಹೋದ ಮೇಲೆ ಅದು ಮೇಣದಂತೆ ಸವೆಯುತ್ತದೆ.

ಇನ್ನು ಕ್ಲಚ್ ಬಿಟ್ಟಾಗ ಬಂದು, ಹಿಡಿದಾಗ ಹೋಗುವ ಶಬ್ದ. ಎಡವುವುದು ಇಲ್ಲೇ ಹೆಚ್ಚು, ಯಾಕೆಂದರೆ ಗೇರ್‌ಬಾಕ್ಸೂ ಇದೇ ಹೊತ್ತಿಗೆ ಸುಮ್ಮನಾಗುತ್ತದೆ. ಬೇರ್ಪಡಿಸಲು ಐಡಲನ್ನು ಸ್ವಲ್ಪವೇ ಏರಿಸಿ ನೋಡುತ್ತೇನೆ. ಎಂಜಿನ್ ವೇಗದ ಜೊತೆ ಶಬ್ದದ ಸ್ವರವೂ ಏರುತ್ತಾ ಹೋದರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ತುಸು ಏರಿಸಿದ್ದಕ್ಕೇ ಲಟಲಟ ಮಾಯವಾದರೆ ಅದು ಸಡಿಲಿನ ಶಬ್ದ. ಐಡಲ್‌ನಲ್ಲಿ ಎಂಜಿನ್ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸಿಡಿತಕ್ಕೆ ಮುನ್ನುಗ್ಗುತ್ತದೆ, ನಡುವೆ ಹಿಂದೆ ಬೀಳುತ್ತದೆ. ಆ ಎಳೆದಾಟದಲ್ಲಿ ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲ ಲೋಹಕ್ಕೆ ಲೋಹ ಬಡಿಯುತ್ತದೆ. ಬಾಸ್ಕೆಟ್ಟಿನ ಬೆರಳುಗಳಲ್ಲಿ ಪ್ಲೇಟಿನ ಕಿವಿಗಳು ಹೊಡೆದು ಮಾಡಿದ ಕಚ್ಚುಗಳು, ಬಾಸ್ಕೆಟ್ಟಿಗೂ ಅದರ ಬೆನ್ನಿನ ದೊಡ್ಡ ಗೇರಿಗೂ ನಡುವೆ ಹೊಡೆತ ತಡೆಯಲು ಇಟ್ಟ ಸ್ಪ್ರಿಂಗು ಅಥವಾ ರಬ್ಬರುಗಳು, ಹಬ್ಬಿನ ನಡುವಿನ ನಟ್ಟು, ಎಂಜಿನ್ನಿನಿಂದ ಕ್ಲಚ್ಚಿಗೆ ಬರುವ ಪ್ರೈಮರಿ ಚೈನು ಸಡಿಲವಾಗಿರುವುದು, ಇವೆಲ್ಲ ಈ ಒಂದೇ ಲಟಲಟದ ಹಿಂದೆ ಇರಬಹುದು.

ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ನಾಲ್ಕು ಸಿಲಿಂಡರಿನ ಹಳೇ ಗಾಡಿಯೊಂದು ಐಡಲ್‌ನಲ್ಲಿ ಕಡಕಡ ಅನ್ನುತ್ತಿತ್ತು, ಲಿವರ್ ಹಿಡಿದರೆ ಶಾಂತ. ಹೊಡೆತ ತಡೆಯುವ ಡ್ಯಾಂಪರ್ ಸ್ಪ್ರಿಂಗ್ ಹೋಗಿದೆ ಎಂದು ತೀರ್ಮಾನಿಸಿ ಬಾಸ್ಕೆಟ್ಟನ್ನೇ ಬದಲಾಯಿಸಿದೆ. ಮುಚ್ಚಿ ಸ್ಟಾರ್ಟ್ ಮಾಡಿದರೆ ಅದೇ ಕಡಕಡ. ಆಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕೂ ಕಾರ್ಬ್ಯುರೇಟರ್‌ಗಳನ್ನು ಒಂದೇ ಸಮಕ್ಕೆ ತಂದಾಗ ಶಬ್ದ ಹೋಯಿತು. ಒಂದು ಸಿಲಿಂಡರ್ ಹೆಚ್ಚು ಎಳೆದು ಇನ್ನೊಂದು ಕಡಿಮೆ ಎಳೆದರೆ ಎಂಜಿನ್ ಕುಂಟುತ್ತದೆ, ಆ ಕುಂಟು ಹೆಜ್ಜೆಯನ್ನು ಕ್ಲಚ್ ದೊಡ್ಡದು ಮಾಡಿ ಕೇಳಿಸುತ್ತದೆ. 1969ರಲ್ಲಿ ಬಂದ ಹೋಂಡಾ ಸಿಬಿ750ಯಿಂದ ಮೊದಲಾಗಿ ನಾಲ್ಕು ಕಾರ್ಬ್ಯುರೇಟರ್ ಇರುವ ಯಾವ ಗಾಡಿ ಬಂದರೂ ನಾನೀಗ ಮೊದಲು ಇದನ್ನೇ ನೋಡುತ್ತೇನೆ. ಟು-ಸ್ಟ್ರೋಕ್ ಗಾಡಿಗಳಿಗೂ ಇದು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಐಡಲ್‌ನಲ್ಲಿ ಅವು ಒಂದು ಸುತ್ತು ಸಿಡಿದು ಒಂದು ಸುತ್ತು ತಪ್ಪಿಸುತ್ತವೆ, ಆರೋಗ್ಯವಾಗಿರುವ ಕ್ಲಚ್ಚಿನಲ್ಲೂ ಆಗ ಸ್ವಲ್ಪ ಲಟಲಟ ಇರುತ್ತದೆ.

ಬಾಸ್ಕೆಟ್ಟಿನ ಬೆರಳುಗಳಲ್ಲಿ ಕಚ್ಚು ಕಂಡರೆ ಅರದಿಂದ ಸವರಿ ಸಮ ಮಾಡುವ ರೂಢಿ ಇದೆ. ತೆಳುವಾದ ಕಚ್ಚಿಗೆ ಇದು ಸರಿ. ಕ್ಲಚ್ ಹಿಡಿದಾಗ ಪ್ಲೇಟುಗಳು ಕಚ್ಚಿನಲ್ಲಿ ಸಿಕ್ಕಿಹಾಕಿಕೊಳ್ಳದೆ ಸಲೀಸಾಗಿ ಜಾರುತ್ತವೆ, ಗೇರ್ ಹಾಕುವಾಗಿನ ಗೊಟಕ್ ಕಡಿಮೆಯಾಗುತ್ತದೆ. ಆದರೆ ಆಳವಾದ ಕಚ್ಚು ಹೋಗುವವರೆಗೂ ಅರ ಹಾಕಿದರೆ ಸಂದು ಅಗಲವಾಗಿ ಲಟಲಟ ಇನ್ನೂ ಹೆಚ್ಚುತ್ತದೆ, ಬೆರಳೂ ಬಡವಾಗುತ್ತದೆ. ಓಡುವಾಗ ಬೆರಳು ಮುರಿದು ಕೇಸಿನೊಳಗೆ ಬಿದ್ದರೆ ಆಗುವ ಅನಾಹುತ ಸಣ್ಣದಲ್ಲ.

ಪ್ರೈಮರಿ ಚೈನ್ ಶಬ್ದ ಗುರುತಿಸುವುದು ಸುಲಭ. ಟಪ್... ಟಪ್... ಎಂದು ಒಂದು ಲಯವಿರುತ್ತದೆ, ಚೈನ್ ಎಲ್ಲ ಕಡೆ ಒಂದೇ ಸಮ ಉದ್ದವಾಗಿರುವುದಿಲ್ಲವಾದ್ದರಿಂದ. ಇನ್ಸ್‌ಪೆಕ್ಷನ್ ಕ್ಯಾಪ್ ತೆಗೆದು, ಎಂಜಿನ್ ನಿಲ್ಲಿಸಿ, ಕಿಕ್ಕರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಾಲ್ಕೈದು ಕಡೆ ಬೆರಳಿನಿಂದ ಆಡಿಸಿ ನೋಡಿ. ಅತಿ ಬಿಗಿಯಿರುವ ಜಾಗದಲ್ಲಿ ಕೈಪಿಡಿ ಹೇಳಿದಷ್ಟು ಸಡಿಲ ಉಳಿಯಬೇಕು. ಸಡಿಲ ಜಾಗ ನೋಡಿ ಬಿಗಿ ಮಾಡಿದರೆ ಬಿಗಿ ಜಾಗದಲ್ಲಿ ಚೈನ್ ತಂತಿಯಾಗುತ್ತದೆ, ಗೇರ್‌ಬಾಕ್ಸಿನ ಮೇನ್ ಶಾಫ್ಟ್ ಬೇರಿಂಗ್ ಅದರ ಬೆಲೆ ತೆರುತ್ತದೆ.

ಅರ್ಧ ಕ್ಲಚ್ಚಿನಲ್ಲಿ ಗಾಡಿ ಎಳೆಯುವಾಗ ಮಾತ್ರ ಬರುವ ನರಳಾಟ, ನಡುಕ ಪ್ಲೇಟುಗಳದ್ದು. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದರೆ ಸೊಟ್ಟಗಾಗಿರುವುದು ತಿಳಿಯುತ್ತದೆ. 0.3 ಮಿ.ಮೀ.ಗಿಂತ ದಪ್ಪದ ಎಲೆ ತೂರಿದರೆ ನಾನು ಆ ಪ್ಲೇಟನ್ನು ಬಳಸುವುದಿಲ್ಲ. ಇನ್ನೂ ಕಡಿಮೆ ಮಿತಿ ಇರುವ ಗಾಡಿಗಳೂ ಇವೆ. ಕಾರಿಗೆ ಮಾಡಿದ ಆಯಿಲ್ ಹಾಕಿದ್ದರೆ ಮೊದಲು ಅದನ್ನು ಬದಲಿಸಿ. ಎಂಜಿನ್ನಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಇರುವ ಗಾಡಿಗೆ ಡಬ್ಬಿಯ ಮೇಲೆ, ಆಯಿಲ್‌ನಲ್ಲಿ ಓಡುವ ಕ್ಲಚ್ಚಿಗೆ ಹೊಂದುತ್ತದೆ ಎಂದು ಹೇಳುವ ಜೇಸೋ ಎಂಎ ಗುರುತು ಇದೆಯೇ ನೋಡಿಕೊಳ್ಳಬೇಕು.

ಒಣ ಕ್ಲಚ್ಚಿನ ಡುಕಾಟಿಗಳಲ್ಲಿ ಲಿವರ್ ಹಿಡಿದಾಗ ಝಣಝಣ ಜೋರಾಗುವುದು ಅವುಗಳ ಹುಟ್ಟುಗುಣ. ಪ್ಲೇಟುಗಳ ನಡುವೆ ಸದ್ದು ನುಂಗುವ ಆಯಿಲ್ ಇಲ್ಲ, ಅಷ್ಟೆ.

ಬಿಚ್ಚಲೇಬೇಕಾಗಿ ಬಂದಾಗ ಮೂರು ಎಚ್ಚರಿಕೆ. ಹಳೇ ಕಾಲದ ಕ್ಲಚ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಣ ಕ್ಲಚ್ಚಿನ ಧೂಳನ್ನು ಏರ್ ಗನ್‌ನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ. ನಾರ್ಟನ್ ಕಮಾಂಡೋದ ಡಯಾಫ್ರಾಂ ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಕಂಪ್ರೆಸರ್ ಟೂಲ್ ಇಲ್ಲದೆ ಮುಟ್ಟಲೇಬೇಡಿ, ಅದರೊಳಗೆ ಅಡಗಿರುವ ಬಲ ಕೈ ಮುರಿಯುವಷ್ಟಿದೆ. ಬಿಡಿ ರೋಲರುಗಳಿರುವ ಬಾಸ್ಕೆಟ್ ಆದರೆ ಎಣಿಸಿ ತೆಗೆಯಿರಿ, ಎಣಿಸಿ ಹಾಕಿ.

ಕ್ಲಚ್ಚಿನದೆಂದು ಬಂದು ಕ್ಲಚ್ಚಿನದಲ್ಲದ ಶಬ್ದದ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಬ್ರಿಟಿಷ್ ಅವಳಿ ಸಿಲಿಂಡರಿನ ಗಾಡಿಯೊಂದು ನನ್ನ ಬಳಿ ಬಂದಾಗ ಅದರ ಎಂಜಿನ್ ಆಗಲೇ ಒಮ್ಮೆ ಇನ್ನೊಂದು ಕಡೆ ಬಿಚ್ಚಿ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯ ಬೇರಿಂಗ್, ಬದಲಾಗಿತ್ತು. ಗೊಟಗೊಟ ಹೋಗಿರಲಿಲ್ಲ, ಹಾಗಾದರೆ ಕ್ಲಚ್ಚೇ ಇರಬೇಕೆಂದು ತಂದಿದ್ದರು. ಲಿವರ್ ಹಿಡಿದರೂ ಬಿಟ್ಟರೂ, ಗೇರ್ ಹಾಕಿದರೂ ತೆಗೆದರೂ ಆ ಗೊಟಗೊಟ ಕಿಂಚಿತ್ತೂ ಬದಲಾಗಲಿಲ್ಲ. ಕ್ಲಚ್ ಏನು ಮಾಡಿದರೂ ಬದಲಾಗದ ಶಬ್ದ ಕ್ಲಚ್ಚಿನದಾಗುವುದು ಅಪರೂಪ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ತುದಿಯನ್ನು ಪ್ರೈಮರಿ ಕವರಿನ ಮೇಲೆ ಹಿಂದಿನಿಂದ ಮುಂದಕ್ಕೆ ಸರಿಸುತ್ತಾ ಬಂದೆ. ಕ್ಲಚ್ ಇರುವ ಜಾಗದಲ್ಲಿ ಮಂದ. ಕ್ರ್ಯಾಂಕಿನ ತುದಿ ಇರುವ ಜಾಗದಲ್ಲಿ ಸುತ್ತಿಗೆಯ ಪೆಟ್ಟು.

ಕವರ್ ತೆಗೆದು, ಕ್ರ್ಯಾಂಕಿನ ತುದಿಯಲ್ಲಿ ಕೂತು ತಿರುಗುವ ಆಲ್ಟರ್ನೇಟರಿನ ರೋಟರನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದೆ. ನಟ್ಟು ಬಿಗಿಯಾಗಿಯೇ ಇತ್ತು. ಆದರೆ ಅಯಸ್ಕಾಂತದ ಹೊರಮೈ ಅದರ ನಡುವಿನ ಉಕ್ಕಿನ ಬುಶ್‌ನಿಂದ ಬಿಟ್ಟುಕೊಂಡು, ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಿತ್ತು. ಹೊಸ ರೋಟರ್ ಹಾಕಿ, ಅದರ ಸುತ್ತ ತಿರುಗದೆ ನಿಂತಿರುವ ಸ್ಟೇಟರಿಗೂ ಅದಕ್ಕೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಎಂದು ಫೀಲರ್ ಗೇಜಿನಲ್ಲಿ ನೋಡಿ, ಕವರ್ ಮುಚ್ಚಿ, ಆಯಿಲ್ ತುಂಬಿ ಕಿಕ್ ಹೊಡೆದೆ. ಗಾಡಿಯ ಯಜಮಾನರು ಲಿವರ್ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಕೇಳಿಸುತ್ತಿದ್ದದ್ದು ಚೈನಿನ ಸರಸರ ಮತ್ತು ಎಕ್ಸಾಸ್ಟ್ ಮಾತ್ರ.