ಡಿಸ್ಟ್ರೋ: ಎಳ್ಳು ಒಂದೇ, ಪೊಟ್ಟಣ ಮನೆಗೊಂದು

ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಸೋದರಮಾವ ನಿವೃತ್ತ ಮೇಷ್ಟ್ರು. ಅವರ ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಆ ಹಳೇ ಪ್ರೊಸೆಸರ್ ಅದಕ್ಕೆ ಆಗಿಬರುವುದಿಲ್ಲ. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೇಳಿದರೆ "ಹೊಸದು ತಗೊಂಡ್ಬಿಡಿ ಸಾರ್" ಅಂದರಂತೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಮಾತ್ರ "ಸುಮ್ನೆ ಯಾಕೆ ದುಡ್ಡು ಅಂಕಲ್, ಯಾವುದಾದ್ರೂ ಒಳ್ಳೇ ಡಿಸ್ಟ್ರೋ ಹಾಕಿ" ಅಂದು ಹೋದ. ಆಮೇಲೆ ನನಗೆ ಫೋನ್ ಬಂತು. "ಲಿನಕ್ಸ್ ಅಂತ ಕೇಳಿದ್ದೀನಿ ಕಣೋ. ಈ ಡಿಸ್ಟ್ರೋ ಅಂದ್ರೆ ಏನದು?"

ಲಿನಕ್ಸ್ ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಡಿಸ್ಟ್ರೋ ಅನ್ನುವುದು ಡಿಸ್ಟ್ರಿಬ್ಯೂಷನ್ ಎಂಬುದರ ಮೊಟಕು. ನಿಘಂಟು ನೋಡಿದರೆ ಹಂಚಿಕೆ, ವಿತರಣೆ ಅಂತ ಸಿಗುತ್ತದೆ. ನನಗೆ ಕೇಳಿದರೆ 'ಬೀರುವುದು' ಅನ್ನುವ ನಮ್ಮ ಮಾತೇ ಇದಕ್ಕೆ ಸರಿ. ಸಂಕ್ರಾಂತಿಯಲ್ಲಿ ಎಳ್ಳು ಬೀರುತ್ತೇವಲ್ಲ, ಆ ಬೀರುವುದು.

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಎಲ್ಲರ ಮನೆಯಲ್ಲೂ ಸಾಮಾನು ಇಷ್ಟೇ. ಆದರೂ ಒಂದು ಮನೆಯ ಪೊಟ್ಟಣ ಇನ್ನೊಂದರ ಹಾಗಿರುವುದಿಲ್ಲ. ಒಬ್ಬರು ಕೊಬ್ಬರಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚುತ್ತಾರೆ. ಇನ್ನೊಬ್ಬರು ದುಡ್ಡು ಉಳಿಸಲು ಹುರಿಗಡಲೆ ಜಾಸ್ತಿ ಸುರಿಯುತ್ತಾರೆ. ಮತ್ತೊಬ್ಬರು ಮೇಲೊಂದು ಸಕ್ಕರೆ ಅಚ್ಚು ಇಡುತ್ತಾರೆ. ಪುರುಸೊತ್ತಿಲ್ಲದವರು ಗಾಂಧಿ ಬಜಾರಿನಿಂದ ರೆಡಿ ಮಿಶ್ರಣ ತರುತ್ತಾರೆ. ಹೇಗೇ ಬೆರೆಸಿದರೂ ಅದು ಎಳ್ಳು-ಬೆಲ್ಲವೇ. ಡಿಸ್ಟ್ರೋ ಕೂಡ ಹೀಗೇ. ಒಳಗಿನ ಸಾಮಾನು ಹೆಚ್ಚು ಕಡಿಮೆ ಅದೇ. ಆಯ್ದು, ಬೆರೆಸಿ, ಪೊಟ್ಟಣ ಕಟ್ಟಿ ಬೀರುವ ಮನೆ ಬೇರೆ.

ಇಲ್ಲಿ ಎಳ್ಳು ಅಂದರೆ ಲಿನಕ್ಸ್ ಕರ್ನಲ್. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆದದ್ದು ಇದನ್ನೇ. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡು ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಕೆಲಸ ಮಾಡಿಸುವ ತಿರುಳು ಅದು. ಅದೊಂದೇ ಇದ್ದರೆ ತೆರೆಯ ಮೇಲೆ ನೀವು ಮಾಡಬಹುದಾದ್ದು ಏನೂ ಇಲ್ಲ. ಫೈಲ್ ನಕಲಿಸುವುದು, ಹುಡುಕುವುದು, ಪ್ರೋಗ್ರಾಮ್ ಕಟ್ಟುವುದು ಇಂಥವಕ್ಕೆಲ್ಲ ಬೇರೆ ಸಲಕರಣೆ ಬೇಕು. ಅವುಗಳಲ್ಲಿ ಬಹಳಷ್ಟು ಬಂದದ್ದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯಿಂದ. ಇವೆರಡರ ಜೊತೆಗೆ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್, ಬ್ರೌಸರ್, ಅಕ್ಷರಗಳ ಫಾಂಟು, ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮು ಸೇರಿದರೆ ಪೊಟ್ಟಣ ತುಂಬಿತು. (ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಆದರೆ ಅದನ್ನು ಸಾಮಾನ್ಯವಾಗಿ ಡಿಸ್ಟ್ರೋ ಅನ್ನುವುದಿಲ್ಲ. ಎಳ್ಳು ಇದ್ದ ಮಾತ್ರಕ್ಕೆ ಎಳ್ಳುಂಡೆಯನ್ನು ಎಳ್ಳು-ಬೆಲ್ಲ ಅನ್ನುತ್ತೇವಾ?)

ಮೊದಮೊದಲು ಈ ಸಾಮಾನನ್ನೆಲ್ಲ ಬಳಸುವವರೇ ಕೂಡಿಸಿಕೊಳ್ಳಬೇಕಿತ್ತು. ಆ ಪಾಡು ನೋಡಲಾರದೆ ಕೆಲವರು ತಾವೇ ಜೋಡಿಸಿ ಫ್ಲಾಪಿಗಳಲ್ಲಿ ಹಂಚತೊಡಗಿದರು. ಡಿಸ್ಟ್ರಿಬ್ಯೂಷನ್ ಅನ್ನುವ ಹೆಸರಿನ ಹಿಂದೆ ಇರುವುದು ಈ ಹಂಚುವ ಕೆಲಸವೇ. 1993ರಲ್ಲಿ ಶುರುವಾದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಇವತ್ತಿಗೂ ನಡೆಯುತ್ತಿವೆ. ಡೆಬಿಯನ್ ಶುರು ಮಾಡಿದ ಇಯಾನ್ ಮರ್ಡಾಕ್ ಆಗಿನ ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಆ ಹೆಸರಿಟ್ಟ. 2004ರಲ್ಲಿ ಡೆಬಿಯನ್ ಮೇಲೆ ಉಬುಂಟು ಬಂತು. ಅವರಂತೂ ನಿಜವಾಗಿಯೇ ಬೀರಿದರು. 2011ರವರೆಗೆ ಕೇಳಿದವರ ಮನೆಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಅಂಥ ಒಂದು ಕಂದು ಲಕೋಟೆ ನನ್ನ ಹತ್ತಿರ ಇನ್ನೂ ಇದೆ. ಸಿಡಿ ಹಾಕಲು ಡ್ರೈವ್ ಇಲ್ಲ, ಅಷ್ಟೇ. ಉಬುಂಟು ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂತು. ಒಬ್ಬರು ಬೀರಿದ ಎಳ್ಳಿಗೆ ನಮ್ಮದೂ ಸ್ವಲ್ಪ ಸೇರಿಸಿ ಮುಂದಿನ ಮನೆಗೆ ದಾಟಿಸುವುದು ನಮ್ಮಲ್ಲಿ ಗುಟ್ಟಿನ ಕೆಲಸ. ಇಲ್ಲಿ ಅದಕ್ಕೆ ಲೈಸೆನ್ಸೇ ಅನುಮತಿ ಕೊಡುತ್ತದೆ. ಡಿಸ್ಟ್ರೋಗಳು ನೂರಾರು ಆಗಿರುವುದೂ ಇದರಿಂದಲೇ.

ಹೊಸಬರು ಗಾಬರಿಯಾಗುವುದು ಇಲ್ಲೇ. ಅಷ್ಟರಲ್ಲಿ ಯಾವುದು? ಹೆಚ್ಚಿನವರು ಚಿತ್ರ ನೋಡಿ ಆರಿಸುತ್ತಾರೆ. ಆದರೆ ತೆರೆಯ ಅಂದವನ್ನು ಆಮೇಲೂ ಬದಲಾಯಿಸಬಹುದು. ಬೀರುವ ಮನೆ ಎಂಥದು ಅಂತ ನೋಡಿ. ಪ್ರತಿವಾರ ಸುರಕ್ಷತೆಯ ತೇಪೆ ಹಾಕಿ ಕಳಿಸುವವರು ಅವರೇ ತಾನೆ? ಉಬುಂಟುವಿನ 24.04 ಎಂಬ ಸಂಖ್ಯೆ ಅದು ಬಂದ ತಿಂಗಳನ್ನು ಹೇಳುತ್ತದೆ: 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಬರುವ ಇಂಥ ಎಲ್‌ಟಿಎಸ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಗೆ ಐದು ವರ್ಷ ಬೆಂಬಲ ಇರುತ್ತದೆ. ಮಿಂಟ್ ನಿಂತಿರುವುದೂ ಇವುಗಳ ಮೇಲೇ. ಫೆಡೋರಾದಲ್ಲಿ ಹೊಸದು ಬೇಗ ಸಿಗುತ್ತದೆ, ಆದರೆ ಒಂದು ಆವೃತ್ತಿಯ ಆಯಸ್ಸು ಸುಮಾರು ಹದಿಮೂರು ತಿಂಗಳು. ಆರ್ಚ್ ಅಂತ ಒಂದಿದೆ. ಅದರಲ್ಲಿ ಹೆಚ್ಚಿನದನ್ನು ನೀವೇ ಕೈಯಾರೆ ಜೋಡಿಸಬೇಕು. ಕಲಿಯಲು ಒಳ್ಳೆಯದು, ಮಾವನ ಲ್ಯಾಪ್‌ಟಾಪಿಗೆ ಬೇಡ. ಅವರದ್ದು 4 ಜಿಬಿ ರ್‍ಯಾಮ್ ಆದ್ದರಿಂದ ನಾನು ಹೇಳಿದ್ದು ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವುದು. ಎಡಗಡೆ ಮೂಲೆಯಲ್ಲಿ ಮೆನು, ಕೆಳಗೊಂದು ಪಟ್ಟಿ. ವಿಂಡೋಸ್ ನೋಡಿದವರಿಗೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಹಾಕುವ ಮೊದಲು ರುಚಿ ನೋಡಬಹುದು. ಇದು ನನಗೆ ತುಂಬಾ ಇಷ್ಟವಾದ ಸೌಲಭ್ಯ. ಇಡೀ ಮಿಂಟ್ ಅಡಕವಾಗಿರುವ ಐಎಸ್‌ಓ ಫೈಲು ಸುಮಾರು 3 ಜಿಬಿ ಇರುತ್ತದೆ, 8 ಜಿಬಿಯ ಪೆನ್‌ಡ್ರೈವ್ ಸಾಕು. ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ಪುಕ್ಕಟೆ ಪ್ರೋಗ್ರಾಮಿನಿಂದ ಬರೆಯಬೇಕು. ಹಾಗೆ ಬರೆದಾಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದನ್ನು ಚುಚ್ಚಿ, ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್, ಲೆನೋವೋಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವಿನಿಂದಲೇ ಇಡೀ ಮಿಂಟ್ ತೆರೆದುಕೊಳ್ಳುತ್ತದೆ. ನೀವಾಗಿ ಹೇಳುವವರೆಗೆ ಒಳಗಿನ ಡಿಸ್ಕಿನಲ್ಲಿ ಏನನ್ನೂ ಬರೆಯುವುದಿಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಓಡುತ್ತಾ ಅಂತ ಅರ್ಧ ದಿನ ಆಡಿ ನೋಡಿ. ಟ್ಯಾಲಿಯಂಥ ವಿಂಡೋಸ್ ಪ್ರೋಗ್ರಾಮೇ ಬೇಕು ಅನ್ನುವವರು ಇಲ್ಲೇ ನಿಲ್ಲುವುದು ವಾಸಿ.

ಇಷ್ಟವಾದರೆ ತೆರೆಯ ಮೇಲೆ 'ಇನ್‌ಸ್ಟಾಲ್' ಎಂಬ ಗುರುತು ಇರುತ್ತದೆ. ಭಾಷೆ, ಕೀಬೋರ್ಡ್, ಹೆಸರು, ಪಾಸ್‌ವರ್ಡ್ ಎಲ್ಲ ಸಲೀಸು. ಎದೆ ಹೊಡೆದುಕೊಳ್ಳಬೇಕಾದ ಜಾಗ ಒಂದೇ: ವಿಂಡೋಸ್ ಪಕ್ಕದಲ್ಲಿ ಹಾಕಬೇಕಾ, ಡಿಸ್ಕ್ ಅಳಿಸಿ ಹಾಕಬೇಕಾ ಅಂತ ಕೇಳುವ ಪುಟ. ಅಳಿಸುವುದು ಅಂದರೆ ಸಿ ಡ್ರೈವ್ ಮಾತ್ರ ಅಲ್ಲ, ಇಡೀ ಡಿಸ್ಕ್. ನಾನು ಮೊದಲ ಸಲ ಹಾಕಿದಾಗ ಇದು ಗೊತ್ತಿರಲಿಲ್ಲ. ಡಿ ಡ್ರೈವಿನಲ್ಲಿದ್ದ ತಂಗಿ ಮದುವೆಯ ಫೋಟೋಗಳೆಲ್ಲ ಹೋದವು. ಅವಳು ಈಗಲೂ ಎತ್ತಿ ಆಡುತ್ತಾಳೆ. ಆದ್ದರಿಂದ ಮೊದಲು ಬೇರೆ ಡಿಸ್ಕಿಗೆ ಬ್ಯಾಕಪ್. ವಿಂಡೋಸ್ ಉಳಿಸಿಕೊಳ್ಳುವುದಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮಾವನ ಚಿಂತೆ ಬೇರೆ ಇತ್ತು. ಅವರು ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೂ ಕನ್ನಡ ಕಗಪ ಅನ್ನುವ ವಿನ್ಯಾಸ ಇದೆ. ವ್ಯಂಜನಗಳು ಹೆಚ್ಚು ಕಡಿಮೆ ಹಳೇ ಜಾಗದಲ್ಲೇ ಸಿಕ್ಕಿದವು, ಸ್ವರಗಳಿಗೆ ಎರಡು ದಿನ ತಡಕಾಡಿದರು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಇಲ್ಲದ ಹಳೇ ನುಡಿ ಫೈಲುಗಳು ಮಾತ್ರ ಗೋಜಲು ಗೋಜಲಾಗಿ ಕಂಡವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಯಿತು. ಇದು ಲಿನಕ್ಸ್ ತಪ್ಪಲ್ಲ, ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲೂ ಅವು ಹಾಗೇ ಕಾಣುತ್ತವೆ.

ಎಲ್ಲ ಮುಗಿದ ಮೇಲೆ ಮಾವ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಎಲ್ಲ ಸರಿ, ಇಸ್ಪೀಟ್ ಎಲ್ಲಿ?" ಪೊಟ್ಟಣದಲ್ಲಿ ಅದು ಇರಲಿಲ್ಲ. ಆದರೆ ಡಿಸ್ಟ್ರೋ ಅಂದರೆ ಪೊಟ್ಟಣದ ಹಿಂದೆ ಒಂದು ಉಗ್ರಾಣವೂ ಇರುತ್ತದೆ. ಆ ಮನೆಯವರೇ ಜೋಡಿಸಿಟ್ಟ ಸಾವಿರಾರು ಪ್ರೋಗ್ರಾಮುಗಳ ಉಗ್ರಾಣ. ಕಂಡಕಂಡ ಕಡೆಯಿಂದ ಫೈಲ್ ಇಳಿಸುವ ಗೋಳಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಲ್‌ರಯಟ್ ಅಂತ ಹುಡುಕಿ ಹಾಕಿಕೊಟ್ಟೆ. ಅದರಲ್ಲಿ ಒಬ್ಬರೇ ಆಡುವ ಎಂಬತ್ತಕ್ಕೂ ಹೆಚ್ಚು ಇಸ್ಪೀಟ್ ಆಟಗಳಿವೆ. ಮೂರನೆಯದು ಶುರುವಾಗುವಷ್ಟರಲ್ಲಿ ಅತ್ತೆ ಒಳಗಿನಿಂದ ನನ್ನನ್ನೇ ಬೈಯುತ್ತಿದ್ದರು.